ಹಿಂದಿನ ಸಾಧನೆ ಇಂದಿನ ಬೆಳವಣಿಗೆಗೆ ಅಡ್ಡ ಬರುವುದು ಹೇಗೆ? ಫಿಲಿಪ್ಪಿ ಮೂರನೆಯ ಅಧ್ಯಾಯದ ಮೇಲೆ ಒಂದು ಚರ್ಚೆ

ಟಿಳಕವಾಡಿ, ಬೆಳಗಾವಿ (ಚರ್ಚೆ ಆರಂಭಿಸಿದವರು)

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು.

ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯ ಸಭೆಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ನಮ್ಮ ವಾರದ ಕೂಟದಲ್ಲಿ ಓದುತ್ತಿದ್ದೇವೆ. ಅದರಲ್ಲಿ ಅವನು ತನ್ನ ಹಿನ್ನೆಲೆಯನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾನೆ: ಎಂಟನೆಯ ದಿನದಲ್ಲಿ ಸುನ್ನತಿ, ಇಸ್ರಾಯೇಲ್ ವಂಶ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಥ, ಸಭೆಯನ್ನು ಹಿಂಸಿಸುವಷ್ಟು ಉತ್ಸಾಹ, ಧರ್ಮಶಾಸ್ತ್ರದ ವಿಷಯದಲ್ಲಿ ತಪ್ಪಿಲ್ಲದ ನಡತೆ. ಸಭೆಯನ್ನು ಹಿಂಸಿಸಿದ್ದೊಂದನ್ನು ಬಿಟ್ಟರೆ ಇವುಗಳಲ್ಲಿ ನಾಚಿಕೊಳ್ಳಬೇಕಾದದ್ದು ಯಾವುದೂ ಇಲ್ಲ, ಮತ್ತು ಆ ಹಿಂಸೆಯನ್ನೂ ಅವನು ಇಲ್ಲಿ ಎಣಿಸುವುದು ಆ ಕಾಲದಲ್ಲಿ ಭಕ್ತಿಯ ಉತ್ಸಾಹವೆಂದು ಹೆಸರಾಗಿದ್ದ ಕಾರಣಕ್ಕೆ. ಹೀಗೆ ಲಾಭವೆನಿಸಿದ್ದೆಲ್ಲವನ್ನೂ ಕ್ರಿಸ್ತನ ನಿಮಿತ್ತ ನಷ್ಟವೆಂದೆಣಿಸಿದ್ದೇನೆ ಎಂದು ಹೇಳಿದ ಮೇಲೆ, ಹಿಂದಿನವುಗಳನ್ನು ಮರೆತು ಮುಂದಿರುವುದನ್ನು ಹಿಡಿಯಲು ಓಡುತ್ತಿದ್ದೇನೆ ಎಂಬ ಪ್ರಸಿದ್ಧವಾದ ಮಾತು ಬರುತ್ತದೆ.

ಈ ವಾಕ್ಯದ ಮೇಲೆ ನಾವು ಕೇಳುವ ಪ್ರಸಂಗಗಳಲ್ಲಿ ಹೆಚ್ಚಿನವು ಹಿಂದಿನ ಪಾಪವನ್ನೂ ಸೋಲನ್ನೂ ಮರೆಯುವುದರ ಬಗ್ಗೆ ಇರುತ್ತವೆ. ನೊಂದವರಿಗೆ ಅಂಥ ಸಾಂತ್ವನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಅಧ್ಯಾಯದಲ್ಲಿ ಪೌಲನು ಬದಿಗಿಡುತ್ತಿರುವುದು ಸೋಲನ್ನಲ್ಲ, ಗೆಲುವನ್ನು. ಪಾಪವನ್ನು ಬಿಡಬೇಕೆಂದು ನಮ್ಮ ಮನಸ್ಸಾಕ್ಷಿಯೇ ಒತ್ತಾಯಿಸುತ್ತದೆ. ಚೆನ್ನಾಗಿ ಮಾಡಿದ ಕೆಲಸವನ್ನು ಬಿಟ್ಟು ಮುಂದೆ ಹೋಗೆಂದು ಯಾರೂ ಹೇಳುವುದಿಲ್ಲ, ಹೇಳಿದರೂ ನಮಗೆ ಅದು ಕೃತಘ್ನತೆಯಂತೆ ಕೇಳಿಸುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಲಂಡನ್ ಮಿಷನರಿ ಸೊಸೈಟಿಯ ಕೆಲಸ 1820ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು; 1904ರಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಬಂತು. ಶಾಲೆಗಳು, ಆರಾಧನಾ ಮಂದಿರಗಳು, ಅಕ್ಷರ ಕಲಿತ ಮೊದಲ ತಲೆಮಾರಿನ ಹೆಣ್ಣುಮಕ್ಕಳು, ಇವೆಲ್ಲ ನಮ್ಮ ಭಾಗದ ಸಭೆಗಳ ನಿಜವಾದ ಗಳಿಕೆ. ಆದರೆ ಈಚಿನ ವರ್ಷಗಳಲ್ಲಿ ನಾನು ಹಾಜರಿದ್ದ ಸಭಾ ವಾರ್ಷಿಕೋತ್ಸವಗಳಲ್ಲಿ ಹಳೆಯ ಮಿಷನರಿಗಳ ಹೆಸರುಗಳನ್ನೂ, ಕಟ್ಟಡ ಕಟ್ಟಿದವರ ಹೆಸರುಗಳನ್ನೂ ಬಹಳ ಹೊತ್ತು ಓದಲಾಗುತ್ತದೆ. ಕಳೆದ ವರ್ಷದಲ್ಲಿ ಎಷ್ಟು ಜನ ಹೊಸದಾಗಿ ದೇವರ ವಾಕ್ಯ ಕಲಿತರು, ಯಾವ ರೋಗಿಯ ಮನೆಗೆ ಸಭೆ ಹೋಯಿತು, ಯಾವ ಜಗಳ ಸಮಾಧಾನವಾಯಿತು ಎಂಬ ವಿಷಯ ಬಂದಾಗ ವರದಿ ಅರ್ಧ ಪುಟಕ್ಕೆ ಮುಗಿಯುತ್ತದೆ. ಪ್ರಕಟನೆ ಪುಸ್ತಕದಲ್ಲಿ ಸಾರ್ದಿಸ್ ಸಭೆಗೆ ಕರ್ತನು ಹೇಳಿದ ಮಾತು ಅಂಥ ಹೊತ್ತಿನಲ್ಲಿ ನನ್ನನ್ನು ಹೆದರಿಸುತ್ತದೆ: ಜೀವಿಸುತ್ತಿದ್ದೀ ಎಂಬ ಹೆಸರು ನಿನಗುಂಟು, ಆದರೂ ಸತ್ತಿದ್ದೀ.

ಎರಡನೆಯ ಅರಸುಗಳು ಪುಸ್ತಕದ ಹದಿನೆಂಟನೆಯ ಅಧ್ಯಾಯದಲ್ಲಿ ಯೆಹೂದದ ಅರಸನಾದ ಹಿಜ್ಕೀಯನು ಮೋಶೆ ಮಾಡಿಸಿದ ತಾಮ್ರದ ಸರ್ಪವನ್ನು ಒಡೆದುಹಾಕಿದನೆಂದು ಓದುತ್ತೇವೆ. ಅದನ್ನು ಮಾಡಿಸೆಂದು ಆಜ್ಞಾಪಿಸಿದವನು ದೇವರು. ಹಾವು ಕಚ್ಚಿದವರಲ್ಲಿ ಅದನ್ನು ನೋಡಿದವರು ನಿಜವಾಗಿಯೂ ಬದುಕಿದರು. ಆದರೆ ಆ ದಿನಗಳ ತನಕ ಜನರು ಅದಕ್ಕೆ ಧೂಪ ಹಾಕುತ್ತಿದ್ದರು. ದೇವರೇ ಕೊಟ್ಟ ಒಳ್ಳೆಯದು ಯಾವ ಹಂತದಲ್ಲಿ ದೇವರಿಗೇ ಅಡ್ಡವಾಗಿ ನಿಲ್ಲುತ್ತದೆ, ಅದನ್ನು ನಾವು ನಮ್ಮ ಬದುಕಿನಲ್ಲಿಯೂ ಸಭೆಯಲ್ಲಿಯೂ ಗುರುತಿಸುವುದು ಹೇಗೆ ಎಂಬುದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯವನ್ನು ಕೇಳಬಯಸುತ್ತೇನೆ.

ವಿಜಯಪುರ, ನಿವೃತ್ತ ಶಿಕ್ಷಕರು

ಸಹೋದರರೇ, ನಿಮ್ಮ ಕಳಕಳಿಯನ್ನು ಗೌರವಿಸುತ್ತೇನೆ. ಆದರೂ ಎಚ್ಚರಿಕೆಯ ಒಂದು ಮಾತನ್ನು ಹೇಳಲೇಬೇಕು.

ನಮ್ಮದು ಸಂಖ್ಯೆಯಲ್ಲಿ ಚಿಕ್ಕ ಸಮುದಾಯ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಅಜ್ಜ ಯಾವ ಊರಿನಲ್ಲಿ, ಯಾರ ಮುಂದೆ ನಿಂತು, ಏನನ್ನು ಕಳೆದುಕೊಂಡು ನಂಬಿಕೆಯನ್ನು ಒಪ್ಪಿಕೊಂಡನೆಂಬುದೇ ಗೊತ್ತಿಲ್ಲ. ಬಾಸೆಲ್ ಮಿಷನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ನಿಂತಾಗ ಅವರ ಮಾತನ್ನು ಕೇಳಿದ ಮೊದಲಿನ ಕುಟುಂಬಗಳು ನೆಂಟರ ಮನೆಯ ಬಾಗಿಲನ್ನು ಕಳೆದುಕೊಂಡವು. ಅದನ್ನು ವರ್ಷಕ್ಕೊಮ್ಮೆ ಓದುವುದು ಹೆಚ್ಚಾಯಿತೆಂದು ನಾನು ಒಪ್ಪಲಾರೆ. ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡವೆಂದು 103ನೆಯ ಕೀರ್ತನೆ ಹೇಳುತ್ತದೆ. ಯೊರ್ದನ್ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಎತ್ತಿ ತರಬೇಕೆಂದು ಯೆಹೋಶುವನಿಗೆ ಅಪ್ಪಣೆಯಾದದ್ದು ಈ ಕಲ್ಲುಗಳು ಏನೆಂದು ಮಕ್ಕಳು ಮುಂದೆ ಕೇಳಬೇಕೆಂಬುದಕ್ಕಾಗಿಯೇ. ಸತ್ಯವೇದದಲ್ಲಿ ಜನರು ದಾರಿ ತಪ್ಪಿದ್ದು ಹೆಚ್ಚಾಗಿ ಮರೆತದ್ದರಿಂದ.

ಹಿಂದಿನದನ್ನು ಬಿಡಿರಿ ಎಂಬ ಉಪದೇಶವು ಯುವಕರಿಗೆ ಬಲು ಬೇಗ ಹಿಡಿಸುತ್ತದೆ, ಏಕೆಂದರೆ ಬಿಡುವುದಕ್ಕೆ ಅವರ ಬಳಿ ಇನ್ನೂ ಹೆಚ್ಚಿಗೆ ಏನೂ ಕೂಡಿಬಂದಿಲ್ಲ. ಎಪ್ಪತ್ತು ದಾಟಿದವರಿಗೆ ಅದೇ ಮಾತು ನಿನ್ನ ಬದುಕಿಗೆ ಬೆಲೆಯಿಲ್ಲವೆಂದು ಕೇಳಿಸಬಹುದು. ಇದನ್ನು ಪ್ರಸಂಗಿಗಳು ಗಮನಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಗುಳೇದಗುಡ್ಡ, ಸ್ತ್ರೀಯರ ಕೂಟದ ಸದಸ್ಯೆ

ಗುರುಗಳೇ, ನೀವು ನಮ್ಮ ಊರನ್ನು ನೆನಪಿಸಿದ್ದಕ್ಕೆ ವಂದನೆಗಳು. ನಾನು ಖಣ ನೇಯುವ ಮನೆತನದವಳು. ಆದ್ದರಿಂದ ನನಗೆ ಈ ವಾಕ್ಯ ಅರ್ಥವಾಗುವುದು ಮಗ್ಗದ ಮೂಲಕವೇ.

ಕುಣಿಮಗ್ಗದಲ್ಲಿ ನೇಕಾರನು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕೂಡುತ್ತಾನೆ. ನೇಯ್ದ ಬಟ್ಟೆ ಅವನ ಹೊಟ್ಟೆಯ ಹತ್ತಿರವಿರುವ ಮರದ ದಿಂಡಿಗೆ ಸುತ್ತಿಕೊಳ್ಳುತ್ತದೆ. ಒಂದಿಷ್ಟು ನೇಯ್ದ ಕೂಡಲೇ ಕೈಬಿಟ್ಟು ದಿಂಡನ್ನು ತಿರುವಬೇಕು, ಹೊಸ ಹಾಸು, ಅಂದರೆ ಇನ್ನೂ ನೇಯದ ಉದ್ದೆಳೆ, ಮುಂದಕ್ಕೆ ಬರಬೇಕು. ನೇಯ್ದದ್ದು ಚಂದವಾಗಿದೆ, ತುಸು ಹೊತ್ತು ಕಣ್ಣಮುಂದೆಯೇ ಇರಲೆಂದು ತಿರುವದೆ ಬಿಟ್ಟರೆ ನೇಯ್ಗೆಯ ಅಂಚು ಹಣಿಗೆಯ ಕಡೆಗೆ ಸರಿಯುತ್ತಾ ಹೋಗುತ್ತದೆ, ಎಳೆಗಳ ನಡುವಿನ ಸಂದು ಕಿರಿದಾಗುತ್ತದೆ, ಕೊನೆಗೆ ಲಾಳಿ ದಾಟುವುದಕ್ಕೇ ಎಡೆಯಿರುವುದಿಲ್ಲ. ಸುತ್ತಿಟ್ಟ ಬಟ್ಟೆಯನ್ನು ಯಾರೂ ಎಸೆದಿಲ್ಲ. ಅದು ನೇಕಾರನ ಮಡಿಲಲ್ಲಿಯೇ ಇದೆ, ಮುಂದೆ ನೇಯುವುದು ಅದಕ್ಕೇ ಕೂಡಿಕೊಳ್ಳುತ್ತದೆ. ಪೌಲನು ಮರೆಯುವುದೆಂದು ಹೇಳಿದ್ದನ್ನು ನಾನು ಹೀಗೆ ಸುತ್ತಿಡುವುದೆಂದು ತಿಳಿದುಕೊಂಡಿದ್ದೇನೆ.

ಹೀಗೆ ತಿಳಿದುಕೊಂಡರೆ ಹಿರಿಯರ ಬದುಕಿಗೆ ಬೆಲೆಯಿಲ್ಲವೆಂಬ ನೋವಿಗೆ ಎಡೆಯಿರುವುದಿಲ್ಲ ಎಂದು ನನ್ನ ಅನಿಸಿಕೆ.

ಜಮಖಂಡಿ, ಯುವಜನ ಸಂಘ

ಎಲ್ಲರಿಗೂ ವಂದನೆಗಳು. ಸಾಕ್ಷಿ ಹೇಳುವುದರ ಬಗ್ಗೆ ಒಂದು ಪ್ರಶ್ನೆಯಿದೆ. ಉಪವಾಸ ಕೂಟಗಳಲ್ಲಿ ಕೆಲವರು ತಾವು ರಕ್ಷಣೆ ಹೊಂದಿದ ದಿನದ ಸಾಕ್ಷಿಯನ್ನು ಬಹಳ ವರ್ಷಗಳಿಂದ ಒಂದೇ ರೀತಿಯಲ್ಲಿ ಹೇಳುತ್ತಾ ಬಂದಿದ್ದಾರೆ. ಆ ದಿನ ದೇವರು ಅವರ ಬದುಕಿನಲ್ಲಿ ದೊಡ್ಡ ಕಾರ್ಯ ಮಾಡಿದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ಮುಂದಿನ ವರ್ಷಗಳಲ್ಲಿ ಏನಾಯಿತೆಂಬುದು ಸಾಕ್ಷಿಯಲ್ಲಿ ಬರುವುದೇ ಇಲ್ಲ. ಈ ವಾರ ದೇವರು ನಿಮಗೆ ಏನನ್ನು ಕಲಿಸಿದನೆಂದು ನಮ್ಮಂಥ ಚಿಕ್ಕವರು ಅವರನ್ನು ಕೇಳಬಹುದೇ, ಅದು ಅಗೌರವವಾಗುತ್ತದೆಯೇ?

ನವನಗರ, ಬಾಗಲಕೋಟೆ

ನಾನು ಹಳೆಯ ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವನು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆಯಾದಾಗ ನಾವು ಅನೇಕ ಕುಟುಂಬಗಳು ನವನಗರಕ್ಕೆ ಬಂದೆವು. ಸೆಕ್ಟರುಗಳ ನಂಬರಿನಿಂದ ಮನೆ ಹುಡುಕಬೇಕಾದ ಊರಿನಲ್ಲಿ, ಮೊದಮೊದಲು ಮನೆಮನೆಗಳಲ್ಲಿ ಚಾಪೆ ಹಾಸಿ ಪ್ರಾರ್ಥನೆ ನಡೆಸುತ್ತಿದ್ದೆವು. ಕಾಲ ಕಳೆದಂತೆ ನೌಕರಿಯ ನಿಮಿತ್ತ ಬೇರೆ ಜಿಲ್ಲೆಗಳಿಂದ ಬಂದು ಬಾಡಿಗೆ ಮನೆ ಹಿಡಿದವರು ನಮ್ಮೊಂದಿಗೆ ಸೇರತೊಡಗಿದರು.

ಆಗ ಕಂಡದ್ದನ್ನು ಯಾರ ಹೆಸರನ್ನೂ ಎತ್ತದೆ ಹೇಳುತ್ತೇನೆ. ಹಳೆಯ ಊರಿನಲ್ಲಿ ಸಭೆಯ ಭಾರ ಹೊತ್ತ ಹಿರಿಯರು ಮೂವರು ನಾಲ್ವರು ನಮ್ಮಲ್ಲಿದ್ದರು. ಬರಗಾಲದಲ್ಲಿ ಸ್ವಂತ ಜೋಳವನ್ನು ಹಂಚಿದವರು ಅವರಲ್ಲಿದ್ದರು. ಅವರ ಮೇಲೆ ನಮಗಿದ್ದ ಗೌರವ ಸುಮ್ಮನೆ ಬಂದದ್ದಲ್ಲ. ಆದರೆ ಹೊಸಬರು ಮಕ್ಕಳಿಗಾಗಿ ಸಂಜೆಯ ಸತ್ಯವೇದ ತರಗತಿ ಬೇಕೆಂದಾಗ, ಆರಾಧನೆಯ ವೇಳೆಯನ್ನು ಪಾಳಿಯಲ್ಲಿ ದುಡಿಯುವವರಿಗೆ ಹೊಂದಿಸಬೇಕೆಂದಾಗ, ಪ್ರತಿ ಸಲವೂ ಉತ್ತರವೊಂದೇ ಬರುತ್ತಿತ್ತು: ಹಳೇ ಊರಿನಲ್ಲಿ ಹೀಗಿರಲಿಲ್ಲ. ನೀರಿನೊಳಗೆ ಹೋದ ಊರಿನ ನೆನಪು ಎಷ್ಟು ಆಳವಾದ ನೋವೆಂಬುದನ್ನು ಬಲ್ಲವನಾದ್ದರಿಂದ ಆ ಮಾತಿಗೆ ಎದುರಾಡುವುದು ನನಗೂ ಕಷ್ಟವಾಗುತ್ತಿತ್ತು. ಇಬ್ಬರು ಹೊಸ ಕುಟುಂಬದವರು ಬರುವುದನ್ನು ನಿಲ್ಲಿಸಿದರು.

ಹಳೆಯ ಊರಿನ ಆ ಹಿರಿಯರಲ್ಲಿ ಒಬ್ಬರು ಮುಂದೆ ತಾವಾಗಿಯೇ ಮಕ್ಕಳ ತರಗತಿಯನ್ನು ವಹಿಸಿಕೊಂಡರು. ಅವರಿಗೆ ಬರುತ್ತಿದ್ದ ಹಳೆಯ ಕೀರ್ತನೆಗಳನ್ನೆಲ್ಲ ಆ ಮಕ್ಕಳಿಗೆ ಕಲಿಸಿದರು, ಮಕ್ಕಳಿಂದ ಹೊಸ ಹಾಡುಗಳನ್ನು ತಾವೂ ಕಲಿತರು. ನೆಲದ ಮೇಲೆ ಮಕ್ಕಳ ಸಾಲಿನಲ್ಲಿ ಕುಳಿತು, ಕನ್ನಡಕವನ್ನು ಮೇಲಕ್ಕೆತ್ತಿ, ಹುಡುಗಿಯೊಬ್ಬಳ ನೋಟ್‌ಬುಕ್ಕಿನಿಂದ ಹಾಡಿನ ಸಾಲುಗಳನ್ನು ತಮ್ಮ ಡೈರಿಗೆ ಬರೆದುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ಇತರರಿಗೆ ಅದು ಆಗಲಿಲ್ಲ. ಅವರ ನೋವನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ, ಆದರೆ ಅದರಿಂದ ಸಭೆಗೆ ಆದ ಹಾನಿಯನ್ನು ಇಲ್ಲವೆನ್ನಲೂ ಆಗುವುದಿಲ್ಲ.

ಟಿಳಕವಾಡಿ, ಬೆಳಗಾವಿ (ಚರ್ಚೆ ಆರಂಭಿಸಿದವರು)

ವಿಜಯಪುರದ ಗುರುಗಳೇ, ನೀವು ಹೇಳಿದ ಹನ್ನೆರಡು ಕಲ್ಲುಗಳಿಂದಲೇ ಆರಂಭಿಸುತ್ತೇನೆ. ಆ ಕಲ್ಲುಗಳನ್ನು ನಿಲ್ಲಿಸಿದ್ದು ಗಿಲ್ಗಾಲಿನಲ್ಲಿ. ಅಲ್ಲಿಂದ ಜನರು ಯೆರಿಕೋವಿನ ಕಡೆಗೆ ನಡೆದರು. ಕಲ್ಲುಗಳು ಅವರನ್ನು ಹಿಡಿದಿಡಲಿಲ್ಲ. ಆದರೆ ಶತಮಾನಗಳ ನಂತರ ಪ್ರವಾದಿ ಆಮೋಸನ ಕಾಲಕ್ಕೆ ಅದೇ ಗಿಲ್ಗಾಲಿಗೆ ಹೋಗಬೇಡಿರಿ, ಕರ್ತನನ್ನೇ ಹುಡುಕಿ ಬದುಕಿರಿ ಎಂದು ಸಾರಬೇಕಾಯಿತು. ದೇವರ ಕಾರ್ಯವನ್ನು ಮಕ್ಕಳಿಗೆ ತಿಳಿಸಬೇಕಾಗಿದ್ದ ಊರಿನಲ್ಲಿ ಯಜ್ಞಗಳು ನಡೆಯುತ್ತಲೇ ಇದ್ದವು, ಆದರೆ ನ್ಯಾಯವೂ ಕರುಣೆಯೂ ದೇಶದಿಂದ ಹೊರಟುಹೋಗಿದ್ದವು.

ಹೀಗಿರುವಾಗ ನೆನಪು ಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಾಗಬಾರದು. ಆ ನೆನಪಿನಿಂದ ನಾವು ಏನನ್ನು ಬಯಸುತ್ತೇವೆ ಎಂಬುದನ್ನು ವಿಚಾರಿಸಬೇಕು. ಪೌಲನು ತನ್ನ ಹಿಂದಿನದನ್ನು ಎಂದಿಗೂ ಬಚ್ಚಿಡಲಿಲ್ಲ. ಯೆರೂಸಲೇಮಿನ ಜನರ ಮುಂದೆಯೂ ಅಗ್ರಿಪ್ಪ ರಾಜನ ಮುಂದೆಯೂ ವಿವರವಾಗಿ ಹೇಳಿದನು. ಆದರೆ ಎರಡು ಕಡೆಗಳಲ್ಲಿಯೂ ಆ ಕಥೆ ಕ್ರಿಸ್ತನ ಕರೆಯ ಕಡೆಗೆ ಕೇಳುವವರನ್ನು ಕರೆದೊಯ್ಯುತ್ತದೆ, ಪೌಲನಿಗೆ ಕುರ್ಚಿ ಹಾಕಿಕೊಡುವುದಿಲ್ಲ. ಗಿದ್ಯೋನನ ವಿಷಯ ಇದಕ್ಕೆ ವಿರುದ್ಧವಾಗಿದೆ. ಮಿದ್ಯಾನ್ಯರನ್ನು ಮುನ್ನೂರು ಜನರೊಂದಿಗೆ ಸೋಲಿಸಿದವನು ಕೊಳ್ಳೆಯಿಂದ ಬಂದ 1,700 ಶೆಕೆಲ್ ಬಂಗಾರದಿಂದ ಒಂದು ಎಫೋದನ್ನು, ಅಂದರೆ ಯಾಜಕರು ತೊಡುವಂಥ ಮೇಲುಡುಪನ್ನು, ಮಾಡಿಸಿ ತನ್ನ ಊರಾದ ಒಫ್ರದಲ್ಲಿ ಇರಿಸಿದನು. ಅದು ಅವನಿಗೂ ಅವನ ಮನೆಯವರಿಗೂ ಉರುಲಾಯಿತೆಂದು ನ್ಯಾಯಸ್ಥಾಪಕರು ಎಂಟನೆಯ ಅಧ್ಯಾಯ ಹೇಳುತ್ತದೆ. ಅರಸನಾಗಲು ಒಲ್ಲೆನೆಂದ ಅದೇ ಮನುಷ್ಯನು, ಅದೇ ಸಂದರ್ಭದಲ್ಲಿ, ಗೆಲುವಿನ ಗುರುತನ್ನು ಮಾತ್ರ ಬಿಡಲಾರದೆ ಹೋದನು. ಇದನ್ನು ಓದಿದಾಗಲೆಲ್ಲ ನನಗೆ ದುಃಖವಾಗುತ್ತದೆ.

ಹಿಜ್ಕೀಯನು ತಾಮ್ರದ ಸರ್ಪವನ್ನು ಒಡೆದದ್ದರಿಂದ ಮೋಶೆಗೆ ಅವಮಾನವಾಯಿತೇ ಎಂದು ನಮ್ಮ ಕೂಟದಲ್ಲಿ ಒಬ್ಬ ತಾಯಿ ಕೇಳಿದರು. ಉತ್ತರವು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಒಡೆದು ಏಳು ಶತಮಾನಗಳಾದ ಮೇಲೆ ಯೇಸು ನಿಕೊದೇಮನಿಗೆ ತನ್ನ ಶಿಲುಬೆಯನ್ನು ತಿಳಿಸಲು ಆ ಸರ್ಪವನ್ನೇ ಎತ್ತಿಕೊಂಡು ಮಾತಾಡಿದನು. ವಸ್ತು ಹೋಗಿತ್ತು, ದೇವರು ಅದರ ಮೂಲಕ ಹೇಳಿದ್ದು ಹಾಗೆಯೇ ಉಳಿದಿತ್ತು.

ನಮ್ಮ ನಾಡಿನ ಒಂದು ಬದುಕನ್ನೂ ಇಲ್ಲಿ ನೆನೆಯಬೇಕು. ಫರ್ಡಿನೆಂಡ್ ಕಿಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ ಅರವತ್ತೆರಡು ವರ್ಷ. ಯಾರೇ ಆದರೂ ಅಷ್ಟಕ್ಕೆ ತೃಪ್ತಿಪಟ್ಟು ಕೈಕಟ್ಟಿ ಕೂಡಬಹುದಾಗಿದ್ದ ಕೆಲಸ ಅದು. ಆದರೆ 1903ರಲ್ಲಿ, ಅವರು ತೀರಿಕೊಂಡ ವರ್ಷದಲ್ಲಿಯೇ, ಅವರ ಕನ್ನಡ ವ್ಯಾಕರಣದ ಗ್ರಂಥ ಹೊರಬಂತು. ನಿಘಂಟಿನ ಕೀರ್ತಿ ಅವರನ್ನು ವ್ಯಾಕರಣದ ಮೇಜಿನಿಂದ ಎಬ್ಬಿಸಲಿಲ್ಲ.

ಜಮಖಂಡಿಯ ತಮ್ಮನವರಿಗೆ: ಖಂಡಿತವಾಗಿ ಕೇಳಿರಿ, ಆದರೆ ಕೂಟದ ನಡುವೆ ಬೇಡ. ಅವರ ಮನೆಗೆ ಹೋಗಿ, ಕುಳಿತು, ಆ ಹಳೆಯ ಸಾಕ್ಷಿಯನ್ನು ಮತ್ತೊಮ್ಮೆ ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆ ಕೇಳಿರಿ. ಎಷ್ಟೋ ಸಲ ಮುಂದಿನ ವರ್ಷಗಳಲ್ಲಿ ಏನೂ ನಡೆದಿಲ್ಲವೆಂದಲ್ಲ, ಯಾರೂ ಅದನ್ನು ಕೇಳಿಲ್ಲ.

ಗೋಕಾಕ, ಸಭೆಯ ಪ್ರಸಂಗಿ

ಒಂದು ಸಂದೇಹವನ್ನು ಮುಂದಿಡುತ್ತೇನೆ. ಪೌಲನು ನಷ್ಟವೆಂದೆಣಿಸಿದ್ದು ಕ್ರಿಸ್ತನನ್ನು ಅರಿಯುವ ಮೊದಲಿನ ಹೆಚ್ಚಳಗಳನ್ನು. ಕ್ರಿಸ್ತನ ಹೆಸರಿನಲ್ಲಿ ಮಾಡಿದ ಸೇವೆಯನ್ನು, ಕಟ್ಟಿದ ಸಭೆಗಳನ್ನು ಅವನು ಅದೇ ಸಾಲಿಗೆ ಸೇರಿಸುತ್ತಾನೆಯೇ? ಫಿಲಿಪ್ಪಿಯವರನ್ನೇ ಅವನು ತನ್ನ ಸಂತೋಷವೆಂದೂ ಕಿರೀಟವೆಂದೂ ಮುಂದಿನ ಅಧ್ಯಾಯದಲ್ಲಿ ಕರೆಯುತ್ತಾನಲ್ಲ? ಮಿಷನರಿಗಳ ಮತ್ತು ಹಿರಿಯರ ಸೇವೆಯನ್ನು ಫರಿಸಾಯತನದ ಪಕ್ಕದಲ್ಲಿ ಇಟ್ಟು ಮಾತಾಡುವುದು ಸರಿಯೆಂದು ನನಗೆ ತೋರುವುದಿಲ್ಲ.

ವಿಜಯಪುರ, ನಿವೃತ್ತ ಶಿಕ್ಷಕರು

ಗೋಕಾಕದ ಸಹೋದರರ ಸಂದೇಹ ತೂಕವುಳ್ಳದ್ದು, ಮತ್ತು ಅವರು ಹೇಳಿದ ಭೇದ ನಿಜವಾದದ್ದು. ಕ್ರಿಸ್ತನಲ್ಲಿ ಮಾಡಿದ ಸೇವೆ ಕಸವಲ್ಲ. ಹಾಗಿದ್ದರೂ ಹನ್ನೆರಡನೆಯ ಮತ್ತು ಹದಿಮೂರನೆಯ ವಚನಗಳನ್ನು ಗಮನಿಸಿರಿ: ಇನ್ನೂ ಪಡೆದಿಲ್ಲ, ಸಿದ್ಧಿಗೆ ಬಂದಿಲ್ಲ ಎಂದು ಹೇಳುವವನು ಅನೇಕ ವರ್ಷಗಳಿಂದ ಅಪೊಸ್ತಲನಾಗಿರುವ ಪೌಲ, ಸಂಕೋಲೆಯಲ್ಲಿರುವ ಪೌಲ. ಓಟದಲ್ಲಿ ಹಿಂದೆ ಉಳಿದ ದಾರಿಯೆಂದರೆ ಅವನು ಕ್ರಿಸ್ತನಲ್ಲಿ ಈಗಾಗಲೇ ಓಡಿದ ದಾರಿಯೂ ಆಗಿದೆ. ಮೊದಲನೆಯ ಕೊರಿಂಥದ ಹದಿನೈದನೆಯ ಅಧ್ಯಾಯದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ದುಡಿದಿದ್ದೇನೆಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ, ಮರುಕ್ಷಣದಲ್ಲಿಯೇ ದುಡಿದದ್ದು ನಾನಲ್ಲ, ದೇವರ ಕೃಪೆಯೇ ಎನ್ನುತ್ತಾನೆ. ಸೇವೆಯ ಲೆಕ್ಕ ಅಲ್ಲಿ ಕೃಪೆಯ ಲೆಕ್ಕವಾಗುತ್ತದೆ, ಆದ್ದರಿಂದ ಅದನ್ನು ಯಾರೂ ತಮ್ಮ ಹಕ್ಕಿನ ಪತ್ರವನ್ನಾಗಿ ಮಾಡಿಕೊಳ್ಳಲಾಗದು.

ನಾನು ಮೊದಲು ನೆನಪಿನ ಪರವಾಗಿ ಮಾತಾಡಿದೆ, ಈಗಲೂ ಅದೇ ಕಡೆಗಿದ್ದೇನೆ. ಆದರೆ ಪ್ರಕಟನೆ ಪುಸ್ತಕದಲ್ಲಿ ಎಫೆಸದ ಸಭೆಗೆ ಬರೆದ ಮಾತನ್ನು ಇದಕ್ಕೆ ಸೇರಿಸಬೇಕು. ಅವರ ಪ್ರಯಾಸವನ್ನೂ ತಾಳ್ಮೆಯನ್ನೂ ಕರ್ತನು ಹೊಗಳುತ್ತಾನೆ. ಅಷ್ಟಾದರೂ ಮೊದಲಿನ ಪ್ರೀತಿಯನ್ನು ಬಿಟ್ಟಿದ್ದೀ ಎನ್ನುತ್ತಾನೆ. ಎಲ್ಲಿಂದ ಬಿದ್ದಿದ್ದೀ ಎಂಬುದನ್ನು ನೆನಪು ಮಾಡಿಕೊಂಡು ಮೊದಲಿನ ಕೃತ್ಯಗಳನ್ನು ಮಾಡು ಎಂಬುದೇ ಅಲ್ಲಿ ಕೊಟ್ಟ ಅಪ್ಪಣೆ. ನೆನಪಿಸಿಕೊಂಡವನು ಎದ್ದು ಮತ್ತೆ ಕೆಲಸಕ್ಕೆ ಕೈ ಹಾಕಬೇಕು. ಗುಳೇದಗುಡ್ಡದ ತಂಗಿ ಮಗ್ಗದ ಮೂಲಕ ಹೇಳಿದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ನವನಗರ, ಬಾಗಲಕೋಟೆ

ಗುರುಗಳೇ, ಉಪದೇಶವನ್ನು ಒಪ್ಪಿದ್ದೇನೆ. ಆದರೆ ಆಚರಣೆಯಲ್ಲಿ ಒಂದು ತೊಡಕಿದೆ. ವರ್ಷಾನುಗಟ್ಟಲೆ ಗಾಯನ ತಂಡವನ್ನು ನಡೆಸಿದ ಹಿರಿಯರೊಬ್ಬರಿಗೆ ಈಗ ಧ್ವನಿ ಸಾಗುವುದಿಲ್ಲ, ಆದರೂ ಬೇರೆಯವರಿಗೆ ಬಿಟ್ಟುಕೊಡಲು ಅವರ ಮನಸ್ಸು ಒಪ್ಪುತ್ತಿಲ್ಲ. ಯುವಕರು ಬೇಸತ್ತಿದ್ದಾರೆ. ಅವರನ್ನು ನೋಯಿಸದೆ ಈ ವಿಷಯವನ್ನು ಎತ್ತುವುದು ಹೇಗೆ?

ಗುಳೇದಗುಡ್ಡ, ಸ್ತ್ರೀಯರ ಕೂಟದ ಸದಸ್ಯೆ

ಅಣ್ಣನವರೇ, ಬಿಟ್ಟುಕೊಡಿರೆಂದು ಮಾತ್ರ ಹೇಳಿದರೆ ನೋವಾಗದೆ ಇರುವುದಿಲ್ಲ. ಕಾಲೇಬನ ಕಥೆಯನ್ನು ಅವರೊಂದಿಗೆ ಕುಳಿತು ಓದಿರಿ, ಯೆಹೋಶುವ ಹದಿನಾಲ್ಕನೆಯ ಅಧ್ಯಾಯ. ನಲವತ್ತನೆಯ ವಯಸ್ಸಿನಲ್ಲಿ ದೇಶವನ್ನು ಸಂಚರಿಸಿ ನೋಡಿ ನಂಬಿಕೆಯ ಮಾತನ್ನಾಡಿದ್ದನ್ನು ಅವನು ಎಂಬತ್ತೈದರಲ್ಲಿ ಹೇಳಿಕೊಳ್ಳುತ್ತಾನೆ. ಆ ಸೇವೆಗೆ ಪ್ರತಿಯಾಗಿ ಬಯಲಿನ ಒಳ್ಳೆಯ ಹೊಲವನ್ನು ಕೇಳಬಹುದಾಗಿತ್ತು. ಅವನು ಕೇಳಿದ್ದು ದೈತ್ಯರಂತಿದ್ದ ಅನಾಕ್ಯರು ಇನ್ನೂ ವಾಸವಾಗಿದ್ದ ಬೆಟ್ಟವನ್ನು. ಹಳೆಯದನ್ನು ನೆನೆದದ್ದು ಹೊಸ ಕಷ್ಟದ ಕೆಲಸವನ್ನು ಕೇಳಿಕೊಳ್ಳುವುದಕ್ಕಾಗಿ.

ಆದ್ದರಿಂದ ಆ ಹಿರಿಯರಿಗೆ ಸನ್ಮಾನದ ಶಾಲು ಹೊದಿಸಿ ಕೂಡಿಸಬೇಡಿರಿ. ಅವರಿಗೆ ಒಂದು ಬೆಟ್ಟವನ್ನು ಕೊಡಿರಿ, ಅಂದರೆ ಅವರಿಂದಲೇ ಆಗಬೇಕಾದ ಕೆಲಸವನ್ನು. ಹಳೆಯ ಕೀರ್ತನೆಗಳ ಎಷ್ಟೋ ರಾಗಗಳು ಅವರ ಗಂಟಲಿನಲ್ಲಿ ಮಾತ್ರ ಉಳಿದಿರಬಹುದು. ಯುವಕರಿಬ್ಬರನ್ನು ಅವರ ಮನೆಗೆ ವಾರಕ್ಕೊಮ್ಮೆ ಕಳಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದು, ಸ್ವರ ಬರೆದುಕೊಳ್ಳಲು ಹೇಳಿರಿ. ಧ್ವನಿ ಸಾಗದಿದ್ದರೂ ತಾಳ ತಪ್ಪಿದ್ದನ್ನು ಹಿಡಿಯುವ ಕಿವಿ ಅವರಿಗಿರುತ್ತದೆ.

ವಿಜಯಪುರ, ನಿವೃತ್ತ ಶಿಕ್ಷಕರು

ತಂಗಿಯ ಸಲಹೆಗೆ ಒಂದನ್ನು ಸೇರಿಸುತ್ತೇನೆ. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ, ನೀನು ಆ ದೇಶವನ್ನು ಸೇರುವುದಿಲ್ಲವೆಂಬ ಮಾತನ್ನು ಕೇಳಿದ ಮೋಶೆ, ಸಭೆಯು ಕುರುಬನಿಲ್ಲದ ಕುರಿಗಳಂತೆ ಆಗಬಾರದು, ಅವರ ಮೇಲೆ ಒಬ್ಬನನ್ನು ನೇಮಿಸು ಎಂದು ತಾನೇ ಬೇಡಿಕೊಂಡನು. ನಂತರ ಎಲ್ಲರ ಮುಂದೆ ಯೆಹೋಶುವನ ಮೇಲೆ ತಾನೇ ಕೈಗಳನ್ನಿಟ್ಟನು. ನವನಗರದ ಸಹೋದರರೇ, ಮುಂದಿನ ನಾಯಕನಿಗಾಗಿ ಪ್ರಾರ್ಥಿಸುವ ಕೆಲಸವನ್ನು ಆ ಹಿರಿಯರ ಕೈಗೇ ಕೊಡಿರಿ. ಯಾರನ್ನು ಸಿದ್ಧಪಡಿಸಬೇಕೆಂದು ಅವರನ್ನೇ ಕೇಳಿರಿ; ಅವರು ಹೆಸರು ಹೇಳಿದ ಮೇಲೆ, ಅದು ನಿಮ್ಮ ಮನಸ್ಸಿನಲ್ಲಿದ್ದ ಹೆಸರಲ್ಲದಿದ್ದರೂ, ಸ್ವಲ್ಪ ಕಾಲ ತಾಳಿ ನೋಡಿರಿ.